ಚೀಟಿಯ ಎರಡನೇ ಗೆರೆ

ನಮ್ಮ ಮನೆಯಲ್ಲಿ ಒಗಟು ಹುಟ್ಟುತ್ತಿದ್ದದ್ದು ಮುದ್ದೆ ತಿರುವುವ ಹೊತ್ತಿಗೆ. ಹಳೇ ದೊಮ್ಮಲೂರಿನ ಸಂದಿಯೊಳಗಿದ್ದ ಆ ಮನೆಗೆ ಅಡುಗೆಮನೆಯೇ ಎಲ್ಲಕ್ಕಿಂತ ದೊಡ್ಡ ಕೋಣೆ. ಹೊಲವೆಲ್ಲ ಲೇಔಟ್ ಆಗಿ ಹೋದಮೇಲೂ ಅಜ್ಜಿ ಅದನ್ನು ಚಿಕ್ಕದು ಮಾಡಲು ಬಿಟ್ಟಿರಲಿಲ್ಲ. ಹತ್ತು ಆಳಿಗೆ ಹಿಟ್ಟು ಬೇಯಿಸಿದ ಕೋಣೆ ಅದು, ಈಗ ಉಣ್ಣುವವರು ಐದೇ ಜನವಾದರೂ ಜಾಗ ಹಾಗೇ ಇರಲಿ ಎನ್ನುವ ಹಟ ಅವಳದು. ಆ ಐದು ಜನ ಅಂದರೆ ಅಜ್ಜಿ, ಅಪ್ಪ, ಅಮ್ಮ, ಅಪ್ಪನ ತಂಗಿ ರತ್ನತ್ತೆ, ಮತ್ತೆ ನಾನು. ಅಮ್ಮ ನೆಲದ ಮೇಲೆ ಪಾತ್ರೆಯಿಟ್ಟು, ಅದು ಅಲ್ಲಾಡದಂತೆ ಕವೆಗೋಲನ್ನು ಎರಡೂ ಪಾದದಿಂದ ಒತ್ತಿ ಹಿಡಿದು, ಕೋಲಿನಲ್ಲಿ ಹಿಟ್ಟು ತಿರುವುತ್ತಾ ಒಗಟು ಹೇಳುತ್ತಿದ್ದಳು. ಮೊದಲ ಸುತ್ತಿಗೆ ಒಗಟು, ಮುದ್ದೆ ಕಟ್ಟಿ ಗಂಗಳಕ್ಕೆ ಬೀಳುವುದರೊಳಗೆ ಉತ್ತರ. ಹೇಳದವರಿಗೆ ಕೊನೆಯ ಮುದ್ದೆ.

"ಮೂರು ಜನ ಅಕ್ಕತಂಗೀರು ಅಡುಗೆನೆಲ್ಲಾ ತಲೆ ಮೇಲೆ ಹೊತ್ಕೊಂಡವ್ರೆ, ಅವರಿಗೆ ಮಾತ್ರ ಊಟ ಇಲ್ಲ. ಯಾರೇಳು?"

"ಒಲೆ ಕಲ್ಲು!" ಎಂದು ನಾನು ಕೂಗಿದರೆ, "ಇದು ಹಳೇದಾಯ್ತು ಬಿಡು, ನಾಳೆ ಹೊಸದು ತರ್ತೀನಿ," ಎನ್ನುತ್ತಿದ್ದಳು, ಒಗಟು ಎಲ್ಲೋ ಸಂತೆಯಲ್ಲಿ ಸಿಗುವ ಹಾಗೆ. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಅವಳಿಗೆ ಒಗಟು ಹಾಕಿ ಗೆದ್ದವರನ್ನು ನಾನು ನೋಡಿಲ್ಲ. ರತ್ನತ್ತೆ ಹಲಸೂರಿನ ಒಂದು ಕನ್ನಡ ಶಾಲೆಯಲ್ಲಿ ಟೀಚರ್, ಬಿ.ಎಡ್. ಮಾಡಿದವಳು, ಅವಳೂ ವಾರಕ್ಕೆ ನಾಲ್ಕು ದಿನ ಕೊನೆಯ ಮುದ್ದೆಯನ್ನೇ ಉಣ್ಣುತ್ತಿದ್ದಳು. ಇಬ್ಬರಿಗೂ ಒಂದೇ ವಯಸ್ಸು. ಅತ್ತಿಗೆ ನಾದಿನಿ ಅಂದರೆ ಹಾವು ಮುಂಗುಸಿ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಇವರಿಬ್ಬರೂ ಒಂದೇ ಕಡೆ, ಅಜ್ಜಿ ಒಬ್ಬಳೇ ಇನ್ನೊಂದು ಕಡೆ.

ಆ ಒಗಟುಗಳು ಅಡುಗೆಮನೆ ದಾಟಿ ಕಂಪ್ಯೂಟರಿಗೆ ಹೋದದ್ದು ರತ್ನತ್ತೆಯಿಂದ. ನಮ್ಮ ಮನೆಯ ಮುಂದಿನ ಕೋಣೆಯನ್ನು ಸೆಲ್ವಂ ಅಣ್ಣ ಬಾಡಿಗೆಗೆ ಹಿಡಿದು ಬ್ರೌಸಿಂಗ್ ಸೆಂಟರ್ ಇಟ್ಟಿದ್ದರು. ನಾಲ್ಕು ಕಂಪ್ಯೂಟರು, ನಡುವೆ ಪ್ಲೈವುಡ್ ತಡಿಕೆ, ಹಿಂದಿನ ಗೋಡೆಯಲ್ಲಿ ಒಂದು ಚಿಕ್ಕ ಕಿಟಕಿ. ಆ ಕಿಟಕಿ ಸೀದಾ ನಮ್ಮ ಅಡುಗೆಮನೆಗೆ ತೆರೆಯುತ್ತಿತ್ತು, ಹಾಗಾಗಿ ಇಂಟರ್ನೆಟ್ ನೋಡಲು ಬಂದವರೆಲ್ಲ ನಮ್ಮ ಮನೆಯ ಬಸ್ಸಾರಿನ ವಾಸನೆ ಕುಡಿದೇ ಹೋಗುತ್ತಿದ್ದರು. ಅತ್ತೆಯ ಶಾಲೆಗೆ ಯಾರೋ ದಾನಿಗಳು ಕಂಪ್ಯೂಟರ್ ಕೊಟ್ಟಿದ್ದರು, ಅವುಗಳ ಮೇಲೆ ಹೊದಿಸಿದ್ದ ಬಟ್ಟೆಯನ್ನು ಹೆಡ್‌ಮಾಸ್ಟರು ತೆಗೆಯಲೇ ಬಿಡುತ್ತಿರಲಿಲ್ಲ, ಕೆಟ್ಟುಹೋದರೆ ಯಾರು ಉತ್ತರ ಕೊಡುವುದು ಎಂದು. ಅತ್ತೆಗೆ ರೇಗಿತು. ಸೆಲ್ವಂ ಅಣ್ಣನನ್ನು ಕೇಳಿಕೊಂಡು ಭಾನುವಾರ ಬೆಳಗ್ಗೆ ಎರಡು ಗಂಟೆ ಹೊತ್ತು ತನ್ನ ಶಾಲೆಯ ಏಳೆಂಟು ಮಕ್ಕಳನ್ನು ಅಲ್ಲಿ ಕೂರಿಸತೊಡಗಿದಳು. ಒಂಬತ್ತನೇ ಕ್ಲಾಸಿನಲ್ಲಿದ್ದ ನಾನೂ ಅವರಲ್ಲೊಬ್ಬಳು. ಫ್ಲೈಓವರ್ ಅರ್ಧಕ್ಕೆ ನಿಂತು ಊರಿಗೆಲ್ಲ ಧೂಳು ಹಾರಿಸುತ್ತಿದ್ದ ಕಾಲ. ಮಕ್ಕಳು ಬಂದು ಮೊದಲು ಮಾಡುತ್ತಿದ್ದ ಕೆಲಸವೇ ಕೀಬೋರ್ಡಿನ ಮೇಲಿನ ಧೂಳು ಊದುವುದು.

ಆಗ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಕೇಳಬೇಕು, ನಮಗೆ ಇಂಗ್ಲಿಷ್ ಅಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಅತ್ತೆ ಅದಕ್ಕೊಂದು ದಾರಿ ಮಾಡಿದಳು. ಹಾಳೆಯನ್ನು ಉದ್ದುದ್ದ ಕತ್ತರಿಸಿ ಚೀಟಿ ಮಾಡಿ, ಪ್ರತಿ ಚೀಟಿಯಲ್ಲೂ ಒಂದು ಒಗಟು ಬರೆಯುತ್ತಿದ್ದಳು. 'ಒಂದು ಪ್ರಾಣಿಯ ನಾಲಿಗೆಯೇ ಆನೆಯಷ್ಟು ತೂಗುತ್ತದೆ, ಯಾವುದು?' 'ನಮ್ಮ ಸ್ಕೂಲ್ ಗಂಟೆಯ ಮೇಲೆ ಒಂದು ಊರಿನ ಹೆಸರು ಕೆತ್ತಿದೆ. ಆ ಊರಲ್ಲಿ ಹರಿಯುವ ಹೊಳೆ ಯಾವುದು?' ಅಂಥವು. ಅರ್ಧ ಅವಳು ಯೋಚಿಸಿದ್ದು, ಅರ್ಧ ಅಮ್ಮ ಅವರೆಕಾಯಿ ಸುಲಿಯುತ್ತಾ ಹೇಳಿಕೊಟ್ಟದ್ದು. ನಾವು ಮೊದಲು ಒಗಟನ್ನು ಕನ್ನಡದಲ್ಲೇ ಒಡೆದು, ಅದರಿಂದ ಮೂರೇ ಮೂರು ಪದ ಆರಿಸಿ, ಡಿಕ್ಷನರಿ ನೋಡಿ ಇಂಗ್ಲಿಷ್ ಮಾಡಿ ಟೈಪ್ ಮಾಡಬೇಕು.

"ಇಂಗ್ಲಿಷ್ ಬರಲ್ಲ ಅಂತ ಯಾಕ್ರೋ ಹೆದರ್ತೀರ? ಮೂರು ಪದ ಬಂದ್ರೆ ಸಾಕು. ಅಕ್ಕಿ ಆರಿಸ್ತೀರಲ್ವಾ ಮನೇಲಿ, ಹಂಗೆ ಆರಿಸಿ. ಕಲ್ಲು ಬಿಟ್ಟು ಕಾಳು ತಗೊಳ್ಳಿ."

ಚೀಟಿಯ ಕೆಳಗೆ ಎರಡು ಗೆರೆ ಇರುತ್ತಿದ್ದವು. ಮೊದಲನೆಯದರ ಮುಂದೆ 'ಉತ್ತರ' ಎಂದು, ಎರಡನೆಯದರ ಮುಂದೆ 'ಹೇಳಿದವರು' ಎಂದು ಕೆಂಪು ಶಾಯಿಯಲ್ಲಿ. ಎರಡನೇ ಗೆರೆ ತುಂಬದಿದ್ದರೆ ಉತ್ತರ ಎಷ್ಟೇ ಸರಿಯಿದ್ದರೂ ಸೊನ್ನೆ. ಯಾರು ಬರೆದ ಪುಟ, ಅವರು ಯಾರು, ಅದನ್ನು ಹೇಳಿ ಅವರಿಗೆ ಏನಾಗಬೇಕು, ಇಷ್ಟನ್ನು ಕಂಡುಹಿಡಿದು ಬರೆಯಬೇಕು. ನಮಗೆ ಅದು ಶುದ್ಧ ಕಿರಿಕಿರಿ. ಒಂದು ಭಾನುವಾರ ಅತ್ತೆ, 'ಶ್ಯಾವಿಗೆ ಬಿಡುವ ಮರ ಯಾವ ದೇಶದಲ್ಲಿದೆ?' ಎಂದು ಎಲ್ಲರಿಗೂ ಒಂದೇ ಒಗಟು ಕೊಟ್ಟಳು. ಯಾರೋ ತಮಾಷೆಗೆ ಹಾಕಿದ್ದ ಪುಟವೊಂದರಲ್ಲಿ ಹೆಂಗಸರು ಮರದಿಂದ ಶ್ಯಾವಿಗೆ ಕೊಯ್ಯುವ ಚಿತ್ರವೇ ಇತ್ತು. ನಾನು ಎಲ್ಲರಿಗಿಂತ ಮೊದಲು ಯೂರೋಪಿನ ದೇಶವೊಂದರ ಹೆಸರು ಬರೆದು ಚೀಟಿ ಎತ್ತಿ ಹಿಡಿದೆ. ಪಕ್ಕದಲ್ಲಿದ್ದ ನಸ್ರೀನ್ ಮಾತ್ರ ಏನೂ ಬರೆಯದೆ ಕೂತಿದ್ದಳು.

"ಟೀಚರ್, ಇದು ಸುಳ್ಳು. ರಂಜಾನಿಗೆ ನಮ್ಮನೇಲಿ ಅಮ್ಮೀನೇ ಶ್ಯಾವಿಗೆ ಮಾಡಿ ಒಣಗಿಸ್ತಾರೆ. ಮರದಲ್ಲಿ ಬಿಟ್ಟಿದ್ರೆ ಅವರ ಕೈ ಯಾಕೆ ನೋಯ್ತಿತ್ತು?"

ಅತ್ತೆ ಬಿದ್ದು ಬಿದ್ದು ನಕ್ಕಳು. ನಸ್ರೀನಳ ಬೆನ್ನು ತಟ್ಟಿ, ನನ್ನ ಚೀಟಿಯನ್ನು ಎಲ್ಲರ ಮುಂದೆ ಹರಿದು, "ಹುಡುಕೋದ್ರಲ್ಲಿ ನಮ್ಮ ಶಶಿ ಕುದುರೆ. ಆದ್ರೆ ಕಣ್ಣಿಗೆ ಪಟ್ಟಿ ಕಟ್ಟಿದ ಕುದುರೆ," ಎಂದಳು. ಕಿಟಕಿಯಾಚೆ ಅಮ್ಮನೂ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಅಮ್ಮ ಭಾನುವಾರದ ಪಾಠವನ್ನೆಲ್ಲ ಅಡುಗೆ ಮಾಡುತ್ತಲೇ ಕೇಳಿಸಿಕೊಳ್ಳುತ್ತಿದ್ದಳು. ನನಗೆ ಅವಮಾನವಾಯಿತು. ಮಧ್ಯಾಹ್ನ ಊಟಕ್ಕೆ ಕೂರಲಿಲ್ಲ. ಅಮ್ಮನೇ ಬಂದು, "ಬಾರೇ ಕುದುರೆ, ಹುರುಳಿ ಸಾರು ಮಾಡಿದೀನಿ," ಎಂದು ಕಿವಿ ಹಿಡಿದು ಎಬ್ಬಿಸಿಕೊಂಡು ಹೋದಳು.

ಅದಾಗಿ ಸ್ವಲ್ಪ ದಿನಕ್ಕೆ ಮುದ್ದೆಯಲ್ಲಿ ಗಂಟು ಬರತೊಡಗಿತು. ಮೊದಲು ಒಂದೆರಡು, ಆಮೇಲೆ ದಿನವೂ. ಮುದ್ದೆಯ ಆಕಾರವೂ ಕೆಟ್ಟಿತು, ಒಂದು ಕಡೆ ಉಬ್ಬು, ಒಂದು ಕಡೆ ಚಪ್ಪಟೆ. ಅಜ್ಜಿ ಗಂಗಳ ಸರಿಸಿ ಶುರುಮಾಡಿದಳು.

"ಏನೇ ಇದು, ಮುದ್ದೆನೋ ಮಣ್ಣಿನ ಹೆಂಟೆನೋ? ಒಗಟು ಹೇಳೋಕೆ ಇರೋ ಗ್ಯಾನ ಕೆಲಸದ ಮೇಲಿಲ್ಲ. ಮೈಗಳ್ಳಿ ಆಗ್ಬಿಟ್ಟೆ ನೀನು."

ಅಮ್ಮ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ಆ ಮಾತಿಗೆ ನಾನೂ ನಕ್ಕಿದ್ದೆ, ಶ್ಯಾವಿಗೆ ಮರದ ಸೇಡು ತೀರಿತು ಎಂದು. ಇವತ್ತಿಗೂ ಆ ನಗು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಇನ್ನೂ ಸ್ವಲ್ಪ ದಿನಕ್ಕೆ ಕುದಿಯುವ ಪಾತ್ರೆಯೇ ಅವಳ ಕೈಯಿಂದ ಜಾರಿತು. ಆಮೇಲೆ ಮನೆಯಲ್ಲಿ ನಡೆದದ್ದೆಲ್ಲ ಎಲ್ಲರ ಮನೆಯಲ್ಲೂ ನಡೆಯುವುದೇ. ಮಾರಮ್ಮನಿಗೆ ಹರಕೆಯಾಯಿತು, ತಡೆ ಒಡೆಸಿದ್ದಾಯಿತು, ಅಜ್ಜಿ ತಾನೇ ಶಿವಾಜಿನಗರದ ದರ್ಗಾಕ್ಕೆ ಹೋಗಿ ತಾಯಿತ ಕಟ್ಟಿಸಿಕೊಂಡು ಬಂದಳು. ಬೈದವಳು ಅವಳೇ, ಮೊದಲು ಅತ್ತವಳೂ ಅವಳೇ. ಅಮ್ಮನ ಮಾತು ಎಳೆದಂತಾದಾಗ ಅಪ್ಪ ತಾನು ನಡೆಸುತ್ತಿದ್ದ ಹಾಲಿನ ಬೂತು ಮುಚ್ಚಿ ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಹದಿನೈದು ದಿನ ಪರೀಕ್ಷೆ ಮಾಡಿ ಒಂದು ಫೈಲ್ ಕೊಟ್ಟು ಕಳಿಸಿದರು. ಅಪ್ಪ ಅದನ್ನು ದೇವರ ಗೂಡಿನ ಹಿಂದೆ ಸಿಕ್ಕಿಸಿ, "ನರದ ವೀಕ್‌ನೆಸ್ ಅಂತೆ, ಸರಿಹೋಗುತ್ತೆ," ಎಂದ. ಹೇಳಿದ್ದು ಗೋಡೆಗೆ, ನಮ್ಮ ಮುಖಕ್ಕಲ್ಲ.

ಆಸ್ಪತ್ರೆಯವರು ಒಂದು ಕೆಲಸ ಮಾತ್ರ ಬಾಯಿಬಿಟ್ಟು ಕನ್ನಡದಲ್ಲೇ ಹೇಳಿ ಕಳಿಸಿದ್ದರು. ನೀರಿನ ಹಾಗಿರುವುದು ಏನೂ ಕೊಡಬೇಡಿ, ಕೊಡುವುದನ್ನೆಲ್ಲ ಗಟ್ಟಿ ಮಾಡಿ ಕೊಡಿ, ತೆಳುವಾದದ್ದು ಗಂಟಲು ತಪ್ಪಿ ಶ್ವಾಸಕೋಶಕ್ಕೆ ಹೋಗುತ್ತದೆ ಎಂದು. ಅಜ್ಜಿಗೆ ಇದು ಬಹಳ ಹಿಡಿಸಿತು. "ಗಟ್ಟಿ ಅಂದ್ರೆ ರಾಗಿ ಬಿಟ್ರೆ ಇನ್ನೇನೈತೆ," ಎಂದು ದಿನಾ ಅಂಬಲಿಯನ್ನು ಹಿಟ್ಟಿನ ಹದಕ್ಕೆ ಕಾಯಿಸಿ, ಚಮಚದಲ್ಲಿ ಸೊಸೆಗೆ ತಿನ್ನಿಸತೊಡಗಿದಳು. ಹಾಗೆ ತಿಂದಷ್ಟು ದಿನ ಅಮ್ಮ ಕೆಮ್ಮಲಿಲ್ಲ. ಇದನ್ನು ನಾನು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇನೆ.

ಒಂದು ಶನಿವಾರ ಅಮ್ಮ ನಿದ್ದೆಹೋಗಿ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ ಸ್ಟೂಲ್ ಹತ್ತಿ ಆ ಫೈಲ್ ತೆಗೆದೆ. ಹಾಳೆ ತುಂಬ ವೈದ್ಯರ ಗೀಚು, ಒಂದೂ ತಿಳಿಯಲಿಲ್ಲ. ಕೊನೆಯ ಪುಟದಲ್ಲಿ ಮಾತ್ರ ದೊಡ್ಡ ಅಕ್ಷರದಲ್ಲಿ ಮೂರು ಪದ ಟೈಪ್ ಆಗಿದ್ದವು. ಮೋಟಾರ್ ನ್ಯೂರಾನ್ ಡಿಸೀಸ್. ಮೂರೇ ಪದ! ಅತ್ತೆಯೇ ಆರಿಸಿಕೊಟ್ಟ ಹಾಗಿತ್ತು. ಅಂಗೈ ಮೇಲೆ ಬರೆದುಕೊಂಡೆ. ಮಾರನೆಯ ದಿನ ಪಾಠದಲ್ಲಿ ನನ್ನ ಚೀಟಿಯ ಒಗಟು ಬಿಟ್ಟು ಆ ಮೂರು ಪದ ಟೈಪ್ ಮಾಡಿದೆ. ಪುಟ ನಿಧಾನವಾಗಿ, ಗೆರೆ ಗೆರೆಯಾಗಿ ಇಳಿಯಿತು. ಮೊದಲನೆಯದೇ ಯಾವುದೋ ದೊಡ್ಡ ಆಸ್ಪತ್ರೆಯವರು ಬರೆದದ್ದು, ಬರೆದ ಡಾಕ್ಟರ ಹೆಸರೂ ಇತ್ತು. ಎರಡನೇ ಗೆರೆಗೆ ಅದಕ್ಕಿಂತ ಒಳ್ಳೆಯದು ಬೇಕಿರಲಿಲ್ಲ. ಅದರಲ್ಲಿ ಕೈ ಸೋಲುವುದು, ಮಾತು ಎಳೆಯುವುದು, ನುಂಗಲು ಆಗದಿರುವುದು, ಎಲ್ಲವೂ ನಮ್ಮ ಅಮ್ಮನನ್ನು ಬಾಗಿಲ ಸಂದಿಯಿಂದ ನೋಡಿ ಬರೆದ ಹಾಗೆ ಸಾಲಾಗಿ ಇದ್ದವು. ಕೊನೆಯ ಸಾಲಿಗೆ ಡಿಕ್ಷನರಿಯೂ ಬೇಕಾಗಲಿಲ್ಲ. ಇದಕ್ಕೆ ಮದ್ದಿಲ್ಲ ಎಂದು ಬರೆದಿತ್ತು.

ನಾನು ಅಳಲಿಲ್ಲ. ನನಗೆ ಸಿಟ್ಟು ಬಂತು. ಹುಡುಕಿದ್ದು ತಪ್ಪಾಗಿದೆ ಎಂದುಕೊಂಡೆ. ಉತ್ತರ ಸಿಗದಿದ್ದರೆ ಪದ ಬದಲಾಯಿಸಿ ಎಂದು ಅತ್ತೆ ಹೇಳುತ್ತಿದ್ದಳಲ್ಲ, ಬದಲಾಯಿಸಿದೆ. ಉತ್ತರವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹುಡುಕಬೇಡಿ ಎಂದೂ ಅವಳೇ ಹೇಳುತ್ತಿದ್ದಳು, ಅದನ್ನು ಬೇಕೆಂದೇ ಮರೆತೆ. ಮೂರು ಪದಕ್ಕೆ 'ಕ್ಯೂರ್' ಸೇರಿಸಿದೆ, ಆಮೇಲೆ 'ಹಂಡ್ರೆಡ್ ಪರ್ಸೆಂಟ್' ಸೇರಿಸಿದೆ. ಬಂತು. ಹಳದಿ ಪುಟ, ಮಿಣಮಿಣ ಮಿನುಗುವ ಕೆಂಪು ಅಕ್ಷರ, ಬಿಳಿ ಗಡ್ಡದವನೊಬ್ಬನ ಫೋಟೊ, ಗುಣವಾದವರು ಬರೆದ ಕಾಗದಗಳು. ಬೆಂಗಳೂರಿನಿಂದ ಅರ್ಧ ದಿನದ ದಾರಿಯ ಊರಿನ ವಿಳಾಸ. ನನಗೆ ಆ ಬಣ್ಣ, ಆ ಗಡ್ಡ, ಎಲ್ಲವೂ ದೇವರ ಫೋಟೊದ ಹಾಗೆ ಕಂಡವು. ಪ್ರಿಂಟ್ ತೆಗೆಸಲು ಹೋದಾಗ ಸೆಲ್ವಂ ಅಣ್ಣ ಹಾಳೆ ನೋಡಿ, "ಯಾರಿಗಮ್ಮಾ ಇದು?" ಎಂದರು. ಒಗಟಿಗೆ ಎಂದೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಆ ಹಾಳೆ ಹಿಡಿದು, ಒಂದೊಂದೇ ಸಾಲನ್ನು ಕನ್ನಡ ಮಾಡಿ ಓದಿದೆ. ನನ್ನ ದನಿ ಹೇಗಿತ್ತೆಂದರೆ, ಶಾಲೆಯ ಪ್ರಾರ್ಥನೆಯಲ್ಲಿ ಪೇಪರ್ ಓದುವವರೂ ಅಷ್ಟು ಜೋರಾಗಿ ಓದುವುದಿಲ್ಲ. ಅಜ್ಜಿ ಕೈಮುಗಿದಳು. ಗೋಡೆಗೆ ಒರಗಿ ಕೂತಿದ್ದ ಅಮ್ಮ ನನ್ನನ್ನೇ ನೋಡುತ್ತಿದ್ದಳು. ಅಪ್ಪ ತುತ್ತು ಕೈಯಲ್ಲೇ ಹಿಡಿದು ತಂಗಿಯ ಕಡೆ ತಿರುಗಿದ.

"ರತ್ನ, ಓದಿದವಳು ನೀನು. ಏನಂತೀಯ?"

ಅತ್ತೆ ಎಡಗೈಯಲ್ಲಿ ಹಾಳೆ ತೆಗೆದುಕೊಂಡಳು. ಬಹಳ ಹೊತ್ತು ನೋಡಿದಳು. ಇಂಥ ಪುಟವನ್ನು ಭಾನುವಾರದ ಪಾಠದಲ್ಲಿ ಯಾರಾದರೂ ತಂದಿದ್ದರೆ ಅವಳು ಅರ್ಧ ನಿಮಿಷದಲ್ಲಿ ಹರಿದು ಬುಟ್ಟಿಗೆ ಹಾಕುತ್ತಿದ್ದಳು, ಅದು ನನಗೂ ಗೊತ್ತಿತ್ತು. ಈಗ ಕೇಳುತ್ತಾಳೆ, ಯಾರು ಹೇಳಿದ್ದು ಅಂತ ಈಗ ಕೇಳುತ್ತಾಳೆ ಎಂದು ಅವಳ ಬಾಯನ್ನೇ ನೋಡುತ್ತಿದ್ದೆ.

"ಒಂದ್ಸಲ ಹೋಗ್ಬರೋಣ ಅಣ್ಣ," ಎಂದಳು.

ಹೋದೆವು. ಗಡ್ಡದವನು ಅಮ್ಮನ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದ. ಆರು ತಿಂಗಳಲ್ಲಿ ಇವಳು ತಾನೇ ನಡೆದುಕೊಂಡು ಬರುತ್ತಾಳೆ ಎಂದ. ಆಸ್ಪತ್ರೆ ಕಡೆ ತಲೆ ಹಾಕಬಾರದು, ರಾಗಿ ಮುಟ್ಟಬಾರದು, ತಾನು ಕೊಟ್ಟ ಬೇರನ್ನು ಕುದಿಸಿ ಸೋಸಿ, ಖಾಲಿ ಹೊಟ್ಟೆಗೆ ಒಂದು ಲೋಟ ಕಷಾಯ ಕುಡಿಸಬೇಕು, ದಿನಕ್ಕೆ ಮೂರು ಸಲ. ನೀರಿನಷ್ಟೇ ತೆಳುವಾಗಿದ್ದ ಕಷಾಯ. ಆಸ್ಪತ್ರೆಯವರು ಗಟ್ಟಿ ಕೊಡಿ ಎಂದಿದ್ದರಲ್ಲ ಎಂದು ಅಜ್ಜಿ ಒಬ್ಬಳೇ ಗೊಣಗಿದಳು. "ಹುಡುಗಿ ಕಂಪ್ಯೂಟರಲ್ಲಿ ನೋಡಿದಾಳೆ, ನಿಂಗೇನು ಗೊತ್ತಾಗುತ್ತೆ, ಸುಮ್ನಿರು," ಎಂದು ಅಪ್ಪ ಬಾಯಿ ಮುಚ್ಚಿಸಿದ. ಹಿಟ್ಟಿನ ಹದದ ಅಂಬಲಿ ಅವತ್ತಿಗೆ ನಿಂತಿತು. ಕಷಾಯ ಕುಡಿಸುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡೆ. ನಾನು ಹುಡುಕಿದ ಔಷಧಿ, ನಾನೇ ಕುಡಿಸಬೇಕು ಎಂಬ ಜಂಬ.

ಒಂದು ಬೆಳಗ್ಗೆ, ಅಜ್ಜಿ ಹೊರಗೆ ನೀರು ಹಿಡಿಯುತ್ತಿದ್ದಳು, ಅತ್ತೆ ಶಾಲೆಗೆ ಹೋಗಿದ್ದಳು. ಅಮ್ಮ ಮೊದಲ ಗುಟುಕಿಗೇ ಕೆಮ್ಮಿದಳು, ಕಣ್ಣಲ್ಲಿ ನೀರು ಬಂತು. ನಾನು ಲೋಟ ಮತ್ತೆ ತುಟಿಗೆ ಹಿಡಿದೆ. ಅವಳು ಮುಖ ತಿರುಗಿಸಿ, ಆ ಎಳೆದೆಳೆದು ಬರುವ ಮಾತಿನಲ್ಲಿ, ಅಕ್ಷರ ಅಕ್ಷರ ಕೂಡಿಸಿ ಕೇಳಿದಳು.

"ಆ ಕಾಗ್ದ... ಯಾರೇ... ಹೇಳಿದ್ದು?"

ಮನೆಯಲ್ಲಿ ಇಷ್ಟು ಜನ ಇದ್ದೆವು. ಕೇಳಿದ್ದು ನಾಲ್ಕನೇ ಕ್ಲಾಸು ಓದಿದವಳು, ಕಿಟಕಿಯಾಚೆ ಕೂತು ಪಾಠ ಕೇಳಿಸಿಕೊಂಡವಳು.

"ಡಾಕ್ಟ್ರು ಅಮ್ಮಾ, ದೊಡ್ಡ ಆಸ್ಪತ್ರೆ ಡಾಕ್ಟ್ರೇ ಬರೆದಿರೋದು," ಎಂದೆ.

ಅಮ್ಮ ನನ್ನನ್ನು ನೋಡಿದಳು. ಆಮೇಲೆ ಬಾಯಿ ತೆರೆದಳು. ಲೋಟ ಪೂರ್ತಿ ಕುಡಿಸಿದೆ.

ಕೆಮ್ಮು ಹೆಚ್ಚಾಯಿತು. ಅಪ್ಪ ಫೋನ್ ಮಾಡಿದರೆ, ಕೆಮ್ಮು ಬಂದರೆ ಒಳ್ಳೆಯದು, ಒಳಗಿನ ವಿಷ ಹೊರಗೆ ಬೀಳುತ್ತಿದೆ ಎಂದ ಗಡ್ಡದವನು. ಮೂರನೇ ವಾರಕ್ಕೆ ಜ್ವರ ಬಂತು, ಉಸಿರು ಗೊರಗೊರ ಎನ್ನತೊಡಗಿತು. ಕೊನೆಗೆ ಅದೇ ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು. ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿ ಹೊರಗೆ ಬಂದು, "ನೀರಿನ ತರ ಏನಾದ್ರೂ ಕುಡಿಸಿದ್ರಾ?" ಎಂದು ಕೇಳಿದರು. ಅಪ್ಪ ನೆಲ ನೋಡಿದ. ಅತ್ತೆ ಅಪ್ಪನನ್ನು ನೋಡಿದಳು. ಅಜ್ಜಿ ನನ್ನನ್ನು ತನ್ನ ಸೆರಗಿನೊಳಗೆ ಎಳೆದುಕೊಂಡಳು. ನಾಲ್ಕನೇ ದಿನ ಅಮ್ಮ ಹೋದಳು.

ಹೇಗೂ ಉಳಿಯುವ ಕಾಯಿಲೆ ಅಲ್ಲ, ನೀನು ಯಾಕೆ ಕೊರಗುತ್ತೀಯ ಎಂದು ಆಮೇಲೆ ಎಷ್ಟೋ ಜನ ಹೇಳಿದ್ದಾರೆ. ನಿಜ, ಉಳಿಯುತ್ತಿರಲಿಲ್ಲ. ಆದರೆ ಅದು ಅವರೆಕಾಯಿ ಶುರುವಾಗುವ ಮುಂಚಿನ ತಿಂಗಳು. ಅಜ್ಜಿಯ ಗಟ್ಟಿ ಅಂಬಲಿ ತಿಂದುಕೊಂಡು ಇನ್ನೊಂದು ಅವರೆ ಕಾಲ ಕಳೆಯುತ್ತಿದ್ದಳು, ಸೊಗಡಿನ ವಾಸನೆಯನ್ನಾದರೂ ಕುಡಿಯುತ್ತಿದ್ದಳು. ನಾನು ಕಿತ್ತುಕೊಂಡದ್ದು ಅಷ್ಟನ್ನು. ಅದು ಕಡಿಮೆಯೇನಲ್ಲ. ನಮ್ಮ ಮನೆಯಲ್ಲಿ ಆಮೇಲೆ ಯಾರೂ ಒಗಟು ಹೇಳಲಿಲ್ಲ. ಭಾನುವಾರದ ಪಾಠ ನಿಂತಿತು. ನಸ್ರೀನ್ ಎರಡು ವಾರ ಬಂದು ಬಾಗಿಲಲ್ಲಿ ನಿಂತು ವಾಪಸು ಹೋದಳು. ಬಾಡಿಗೆ ಕೋಣೆಯ ಕಿಟಕಿಗೆ ಅತ್ತೆ ತಾನೇ ಕಾರ್ಡ್‌ಬೋರ್ಡ್ ಹೊಡೆದಳು.

ಎಷ್ಟೋ ವರ್ಷದ ಮೇಲೆ ಆ ಮನೆ ಕೆಡವುವಾಗ ಅಟ್ಟದ ಮೇಲೆ ಒಂದು ಬಿಸ್ಕತ್ತಿನ ಡಬ್ಬ ಸಿಕ್ಕಿತು. ಅಜ್ಜಿ ಅಪ್ಪ ಇಬ್ಬರೂ ಅಷ್ಟರಲ್ಲಿ ತೀರಿಕೊಂಡಿದ್ದರು. ಡಬ್ಬದ ತುಂಬ ಹಳೆಯ ಒಗಟಿನ ಚೀಟಿಗಳು, ಮೂಲೆ ಮಡಿಚಿಕೊಂಡು ಹಳದಿ ತಿರುಗಿದ್ದವು. ಎಲ್ಲಕ್ಕಿಂತ ಕೆಳಗೆ ನಾನು ಪ್ರಿಂಟ್ ತೆಗೆಸಿದ್ದ ಆ ಹಾಳೆ, ನಾಲ್ಕು ಮಡಿಕೆಯಾಗಿ. ಅದರ ಹಿಂಬದಿಯಲ್ಲಿ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿತ್ತು, ಅಕ್ಷರ ಅತ್ತೆಯ ದುಂಡು ಅಕ್ಷರ. 'ಉತ್ತರ' ಎಂಬಲ್ಲಿ 'ಇಲ್ಲ' ಎಂದು ಬರೆದಿದ್ದಳು. 'ಹೇಳಿದವರು' ಎಂಬಲ್ಲಿ ಏನೂ ಇರಲಿಲ್ಲ. ಅತ್ತೆ ಅಲ್ಲೇ ಗಂಟು ಮೂಟೆಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದಳು. ತೋರಿಸಿದೆ.

"ಯಾಕತ್ತೆ, ಇದನ್ನ ಖಾಲಿ ಬಿಟ್ಟಿದ್ದೀಯ?"

ಅವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ನಿನ್ನ ಹೆಸರು ಬರೆಯೋಕೆ ಮನಸ್ಸು ಬರಲಿಲ್ಲ ಕಣೇ. ನನ್ನ ಹೆಸರು ಬರೆಯೋಕೆ ಧೈರ್ಯ ಬರಲಿಲ್ಲ. ಫೈಲು ಬಂದ ದಿನಾನೇ ನಾನೂ ಹುಡುಕಿದ್ದೆ. ಮದ್ದಿಲ್ಲ ಅಂತ ಆಸ್ಪತ್ರೆಯವರು ಬರೆದಿದ್ದ ಪುಟಾನ ಓದಿದ್ದೆ. ಅಷ್ಟು ಗೊತ್ತಿದ್ದೂ ನೀನು ತಂದ ಕಾಗದದಲ್ಲಿ ನಂಗೆ ತಪ್ಪು ಕಾಣಿಸ್ಲಿಲ್ಲ. ಅತ್ತಿಗೆ ಒಬ್ಬಳು ಕೇಳಿದ್ರೂ ಸಾಕಾಗಿತ್ತು, ಯಾರು ಹೇಳಿದ್ದು ಅಂತ. ಅವಳೂ ಕೇಳ್ಲಿಲ್ಲ. ಅವಳಿಗೂ ನಂಬಿಕೆ ಬಂದಿತ್ತು ಅನ್ಸುತ್ತೆ. ಅದೊಂದೇ ಸಮಾಧಾನ ನಂಗೆ."

ಆಗ ಹೇಳಬಹುದಿತ್ತು. ಕೇಳಿದಳು ಅತ್ತೆ, ನಿನ್ನ ಮಾತಿನಲ್ಲೇ ಕೇಳಿದಳು, ನಾನು ಸುಳ್ಳು ಹೇಳಿ ಕುಡಿಸಿದೆ ಎನ್ನಬಹುದಿತ್ತು. ಹಾಳೆ ಮಡಿಚಿ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದೆ. ಈಗ ಅತ್ತೆ ನನ್ನ ಜೊತೆಯಲ್ಲೇ ಇದ್ದಾಳೆ, ಎರಡು ವರ್ಷದಿಂದ ಅವಳಿಗೆ ಕಣ್ಣು ಕಾಣುವುದಿಲ್ಲ. ದಿನಾ ಸಾಯಂಕಾಲ ಪೇಪರ್ ಓದಿ ಹೇಳುತ್ತೇನೆ. ನಾನು ಬರೆಯುತ್ತಿರುವ ಈ ಪುಟವನ್ನು ಮಾತ್ರ ಓದಿ ಹೇಳುವುದಿಲ್ಲ. ಅವಳಿಗೆ ಕಾಣುವುದಿಲ್ಲ ಎಂದು ಗೊತ್ತಾದ ಮೇಲೆಯೇ ಇದನ್ನು ಬರೆಯಲು ಕೂತೆ.